ಇಲಿಗೆ ಇಟ್ಟ ಮೆಣಸಿನಕಾಯಿ

ನಮ್ಮ ನಾಲ್ಕು ಮಂದಿಯ ಗುಂಪಿನಲ್ಲಿ ಒಂದು ಕಾಯ್ದೆ ಇತ್ತು. ಓಡುವ ಗಾಡಿಯಲ್ಲಿ ಹೊಸ ಸಪ್ಪಳ ಯಾರ ಕಿವಿಗೆ ಮೊದಲು ಬೀಳುತ್ತದೋ, ಮುಂದಿನ ಊರು ಬರುವ ತನಕ ಸ್ಟೇರಿಂಗ್ ಅವರ ಕೈಗೆ. ಕಾರಿನ ಹುಚ್ಚು ಹಿಡಿದವರಿಗೆ ಇದರಲ್ಲಿ ನ್ಯಾಯ ಕಾಣುತ್ತದೆ. ಗಾಡಿಯ ಮೇಲೆ ಯಾರಿಗೆ ಹೆಚ್ಚು ಲಕ್ಷ್ಯವಿದೆಯೋ ಅವರೇ ಅದನ್ನು ಹೊಡೆಯಬೇಕಲ್ಲವೇ? ಹುಚ್ಚು ಹಿಡಿಯದವರಿಗೆ, ಅಂದರೆ ನನ್ನ ಹೆಂಡತಿಯಂಥವರಿಗೆ, ಇದರಲ್ಲಿ ಏನೂ ಕಾಣುವುದಿಲ್ಲ. ಈ ಕಾಯ್ದೆಯ ದೆಸೆಯಿಂದ ರಾಣೆಬೆನ್ನೂರು ಬಿಟ್ಟು ಹಾವೇರಿ ಮುಟ್ಟುವಷ್ಟರಲ್ಲಿ ಆ ಹಳೆಯ ಅಂಬಾಸಡರ್ ಕಾರಿಗೆ ಇಲ್ಲದ ರೋಗಗಳೆಲ್ಲ ಬರುತ್ತಿದ್ದವು.

"ಏನೋ ಟಕ್ ಅಂದಂಗಾತಲೇ, ಮುಂದಿನ ಎಡಗಾಲಿ ಕಡೆ" ಎಂದು ಒಬ್ಬ ಶುರು ಮಾಡುತ್ತಿದ್ದ.

"ಅದು ನಿನ್ನ ಬಾಯಾಗಿನ ಅಡಕಿ. ಖರೇ ಸಪ್ಪಳ ನಂಗ ಕೇಳಾಕತ್ತೈತಿ, ಹಿಂದಿಂದ. ಇಳಿ ಕೆಳಗ" ಎಂದು ಇನ್ನೊಬ್ಬ.

ನಾನು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟುಕೊಂಡವನು. ಸ್ವಲ್ಪ ಸಿಟ್ಟಿನ ಮನುಷ್ಯ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗೇರ್ ಹಾಕುವಾಗ ಕರಕರ ಅನ್ನಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಎರಡನೆಯವನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ. ಮೈತುಂಬ ಮಾತು, ಅಂಗಿತುಂಬ ಮೆಣಸಿನ ವಾಸನೆ. ಮೂರನೆಯವನು ಹಾವೇರಿಯ ಕಾಲೇಜೊಂದರಲ್ಲಿ ಕಾಮರ್ಸ್ ಕಲಿಸುವ ಲೆಕ್ಚರರ್. ಎಂಜಿನ್ ಬಗ್ಗೆ ಅವನಿಗೆ ತಿಳಿದದ್ದೆಲ್ಲ ಮೊಬೈಲಿನ ವಿಡಿಯೋಗಳಿಂದ. ನಾವು ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗೆ ಮಲಗಿದ್ದರೆ ಅವನು ಪಕ್ಕದಲ್ಲಿ ಕೂತು, ಫೋನು ನೋಡುತ್ತ, "ಅದನ್ನ ಬಿಚ್ಚಬಾರದಂತ" ಎನ್ನುತ್ತಿದ್ದ. ಅಷ್ಟು ಹೊತ್ತಿಗೆ ನಾವು ಅದನ್ನು ಬಿಚ್ಚಿ ಆಗಿರುತ್ತಿತ್ತು.

ನಾಲ್ಕನೆಯವನು ಭಾಯಿ. ಗಾಡಿ ಅವನದು. ರಾಣೆಬೆನ್ನೂರಿನ ಪಿ.ಬಿ. ರಸ್ತೆಯಲ್ಲಿ ಅವನದೊಂದು ಕುಶನ್ ಅಂಗಡಿ. ಊರಿನ ಅರ್ಧ ಕಾರುಗಳ ಸೀಟು, ಮುಕ್ಕಾಲು ಟೆಂಪೋಗಳ ಸೀಟು ಅವನ ಕೈಯಿಂದಲೇ ಎದ್ದು ಬಂದವು. ಹುಡುಗನಿದ್ದಾಗಿನಿಂದ ಬೇರೆಯವರ ಗಾಡಿಗೆ ಸೀಟು ಹೊಲಿದು ಹೊಲಿದು, ಕೊನೆಗೆ ತಲೆಯಲ್ಲಿ ಬೆಳ್ಳಿ ಕೂದಲು ಕಾಣಿಸುವ ಹೊತ್ತಿಗೆ ತನಗೊಂದು ಕಾರು ತಂದ. ಕೆನೆ ಬಣ್ಣದ ಮೈ. ಒಳಗೆ ಅವನೇ ಹೊಲಿದ ಮರೂನ್ ರೆಕ್ಸಿನ್ ಸೀಟು, ಅಂಚಿಗೆ ಬಿಳಿ ಪೈಪಿಂಗು. ಕೂತರೆ ಏಳಲು ಮನಸ್ಸಾಗುತ್ತಿರಲಿಲ್ಲ. ನಾವಂತೂ ಏಳುತ್ತಲೇ ಇರಲಿಲ್ಲ.

ನಮ್ಮ ಕಾಯ್ದೆಯಿಂದ ಪೆಟ್ಟು ತಿಂದವನು ಭಾಯಿಯೇ. ಅವನಿಗೆ ಸಪ್ಪಳ ಕೇಳುತ್ತಿರಲಿಲ್ಲ. ಕೇಳಿದರೂ ಇನ್ನೊಬ್ಬರನ್ನು ಸ್ಟೇರಿಂಗಿನಿಂದ ಎಬ್ಬಿಸಿ ಕೂರುವ ಜಾತಿಯ ಮನುಷ್ಯ ಅಲ್ಲ. ಹೀಗಾಗಿ ಸ್ವಂತ ಕಾರಿನ ಹಿಂದಿನ ಸೀಟಿನಲ್ಲಿ ಬೀಗರಂತೆ ಕೂತು, ಕಿಟಕಿಯಿಂದ ಗೋವಿನಜೋಳದ ಹೊಲ ನೋಡುತ್ತ, ನಮ್ಮ ಜಗಳ ಕೇಳುತ್ತ ಬರುತ್ತಿದ್ದ. ನಮಗೆ ಅದು ತಪ್ಪು ಅಂತ ಅನ್ನಿಸಲೇ ಇಲ್ಲ. ಅವನು ಸುಖವಾಗಿದ್ದಾನೆ ಎಂದೇ ನಾವು ಮೂವರೂ ತಿಳಿದಿದ್ದೆವು.

ಭಾಯಿ ಕಾರು ತಂದದ್ದು ಅಮ್ಮಿಗಾಗಿ, ಅಂದರೆ ಅವನ ತಾಯಿಗಾಗಿ. ಅಮ್ಮಿಗೆ ಮೊಣಕಾಲು ನೋವು. ಬಸ್ಸಿನ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಒಬ್ಬರು ನೂಕಬೇಕು, ಮುಂದಿನಿಂದ ಒಬ್ಬರು ಜಗ್ಗಬೇಕು. ವಯಸ್ಸಿದ್ದಾಗ ಸುಗ್ಗಿಯುದ್ದಕ್ಕೂ ಬ್ಯಾಡಗಿಗೆ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋದವಳು, ಟೆಂಪೋದಲ್ಲಿ ಹೆಂಗಸರ ನಡುವೆ ನಿಂತುಕೊಂಡೇ. ಮಗ ಕಾರು ತಂದು ಓಣಿಯ ಬಾಯಿಗೆ ನಿಲ್ಲಿಸಿದ ದಿನ ಹೊರಗೆ ಬಂದು, ಕಾರಿನ ಮೈ ಸವರಿ, ಕಾಗದಪತ್ರದ ಮುದ್ದತ್ತು ಎಲ್ಲಿಯವರೆಗೆ ಇದೆ ಎಂದು ಕೇಳಿದಳು. ಮುಗಿಯುತ್ತ ಬಂದಿದೆ, ಹಾವೇರಿಯ ಆರ್‌ಟಿಓದಲ್ಲಿ ತೋರಿಸಿ ಹೊಸದಾಗಿ ಪಾಸಿಂಗ್ ಮಾಡಿಸಬೇಕು ಎಂದ ಭಾಯಿ.

"ಹಂಗಾದ್ರ ಪಾಸ್ ಆದಮ್ಯಾಲೆ ಕುಂದರ್ತೇನಿ" ಎಂದಳು ಅಮ್ಮಿ. ನಾವು ಎದುರಿಗೆ ಇದ್ದದ್ದರಿಂದ ಕನ್ನಡದಲ್ಲೇ ಹೇಳಿದಳು. "ಆಯುಷ್ಯ ಎಲ್ಲಾ ಮಂದಿ ಗಾಡ್ಯಾಗ ನಿಂತು ಹೋಗೇನಿ. ಇನ್ನ ಕುಂತ್ರ ನಮ್ಮ ಗಾಡ್ಯಾಗ ಕುಂದ್ರಾಕಿ. ಪಾಸಿಂಗ್ ಆಗಲಾರದ್ದು ನಮ್ಮದು ಹೆಂಗಾದೀತು?"

ಒಂದು ಸಲ ತೋರಿಸಲು ಹೋದೆವು. ಹೆಡ್‌ಲೈಟ್ ಹತ್ತಲಿಲ್ಲ. ಬಾನೆಟ್ ಎತ್ತಿ ನೋಡಿದರೆ ವೈರನ್ನು ಇಲಿ ತಿಂದಿತ್ತು. ವೈರು ಹೊಸದಾಗಿ ಹಾಕಿಸಿ ಇನ್ನೊಂದು ಸಲ ಹೋದೆವು. ಹೆಡ್‌ಲೈಟ್ ಹತ್ತಿತು, ಇಂಡಿಕೇಟರ್ ಹತ್ತಲಿಲ್ಲ. ಮತ್ತೆ ಇಲಿ. ಭಾಯಿಯ ಓಣಿ ಇಕ್ಕಟ್ಟಾದ್ದರಿಂದ ಗಾಡಿ ನಿಲ್ಲುತ್ತಿದ್ದದ್ದು ಬ್ಯಾಡಗಿಯಲ್ಲಿ, ದಲಾಲಿಯ ಗೋದಾಮಿನ ಹಿಂದಿನ ಶೆಡ್ಡಿನಲ್ಲಿ. ಅಲ್ಲಿಯ ಇಲಿಗಳು ತಿಂದುಂಡು ಬೆಳೆದ ಇಲಿಗಳು.

ಎರಡನೆಯ ಸಲವೂ ಬರಿಗೈಲಿ ಮನೆಗೆ ಹೋದಾಗ ಅಮ್ಮಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಹಾ ಕೊಟ್ಟು, ನಮ್ಮೆಲ್ಲರ ಮುಂದೆ ಮಗನಿಗೆ ಹೇಳಿದಳು: "ಇನ್ನೊಂದ ಸಲ ನೋಡು. ಆಗಲಿಲ್ಲಂದ್ರ ಗುಜರಿಗೆ ಕೊಟ್ಟು ಕೈ ತೊಳಕೋ. ಇದರ ಸಂಬಂಧ ಅಂಗಡಿ ಬಾಗಲಾ ಹಾಕೋದು ಸಾಕು." ಭಾಯಿ ತಲೆಯಾಡಿಸಿ ಒಪ್ಪಿಕೊಂಡ. ಅಮ್ಮಿಗೆ ಕೊಟ್ಟ ಮಾತು ಅವನು ಮುರಿದದ್ದನ್ನು ನಾನು ಕಂಡಿಲ್ಲ.

ಮೂರನೆಯ ಸಲದ ದಿನ ಬೆಳಿಗ್ಗೆ ನಾನೂ ಭಾಯಿಯೂ ಬಸ್ಸಿನಲ್ಲಿ ಬ್ಯಾಡಗಿಗೆ ಹೋದೆವು. ಅಲ್ಲಿ ನೋಡಿದರೆ ಶೆಡ್ಡಿನ ಮುಂದೆ ದಲಾಲಿಯ ಜೊತೆ ಲೆಕ್ಚರರ್ ಕೂಡ ನಿಂತಿದ್ದ. ಹಾವೇರಿಗೆ ಹೋಗಬೇಕಾದ ಗಾಡಿಯನ್ನು ಹತ್ತಲು ಹಾವೇರಿಯಿಂದ ಬ್ಯಾಡಗಿಗೆ ಬಂದ ಮನುಷ್ಯ! ರಜೆ ಬೇರೆ ಹಾಕಿದ್ದ. ನಾನು ಬೈದೆ. ಅವನು ಗಾಗಲ್ ಏರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತ.

ಅಮ್ಮಿ ಹಿಂದಿನ ದಿನವೇ ಹಾವೇರಿಯ ತನ್ನ ತಂಗಿಯ ಮನೆಗೆ ಹೋಗಿದ್ದಳು. ಪಾಸ್ ಆದರೆ ಮಗನ ಕಾರಿನಲ್ಲಿ ರಾಣೆಬೆನ್ನೂರಿಗೆ, ಆಗದಿದ್ದರೆ ಬಸ್ಸಿನಲ್ಲಿ. ಇದು ಗೊತ್ತಿದ್ದದ್ದರಿಂದ ನಾವು ಎಲ್ಲವನ್ನೂ ಎರಡೆರಡು ಸಲ ನೋಡಿದೆವು. ಹೆಡ್‌ಲೈಟ್ ಹತ್ತಿತು. ಇಂಡಿಕೇಟರ್ ಹತ್ತಿತು. ಹಾರ್ನ್ ಕೂಗಿತು. ಒಂದು ವೈರೂ ಕಡಿದಿರಲಿಲ್ಲ. ಭಾಯಿ ಆಶ್ಚರ್ಯದಿಂದ, "ಇಲಿ ಎಲ್ಲಿ ಹೋದವು ಈ ಸಲ?" ಎಂದ. ದಲಾಲಿ ಗೋಡೆ ನೋಡಿದ. ಲೆಕ್ಚರರ್ ಫೋನು ನೋಡಿದ. ನಾನು ಟೈರು ನೋಡಿದೆ, ಯಾಕೆಂದರೆ ಗಾಡಿಯ ಕಾಗದ ಇಡುವ ಡಬ್ಬಿಯಲ್ಲಿ ಒಂದು ಹಿಡಿ ಡಾಂಬರ್ ಗುಳಿಗೆ, ಅಂದರೆ ನುಸಿಗುಳಿಗೆ, ಹಾಕಿದವನು ನಾನು. ಇಲಿ ಓಡಿಹೋದದ್ದು ನನ್ನಿಂದಲೇ ಎಂದು ಒಳಗೊಳಗೇ ಉಬ್ಬಿದ್ದೆ.

ಬ್ಯಾಡಗಿ ದಾಟಿ ಮೋಟೆಬೆನ್ನೂರಿನ ಹಾದಿ ಹಿಡಿದೆವು. ದಲಾಲಿ ಹೊಡೆಯುತ್ತಿದ್ದ. ಎಂಜಿನ್ ಬಿಸಿಯಾಗುತ್ತಿದ್ದಂತೆ ಲೆಕ್ಚರರ್ ಒಂದು ಸೀನು ಸೀನಿದ. ಆಮೇಲೆ ಇನ್ನೊಂದು. ಯಾರೂ ಲಕ್ಷ್ಯ ಕೊಡಲಿಲ್ಲ. ಮುಂದೆ ನನ್ನ ಗಂಟಲಲ್ಲಿ ಏನೋ ಕೆರೆಯಿತು. ಭಾಯಿ ಕೆಮ್ಮಿದ. ಕೊನೆಗೆ ದಲಾಲಿಯ ಕಣ್ಣಿನಿಂದ ಧಾರಾಕಾರ ನೀರು ಇಳಿಯತೊಡಗಿ ಗಾಡಿ ರಸ್ತೆಯ ಆ ಮಗ್ಗುಲಿಂದ ಈ ಮಗ್ಗುಲಿಗೆ ಹೋಯಿತು. ಆ ಘಾಟು ಎಂಥದೆಂದು ಒಣಮೆಣಸಿನಕಾಯಿ ಹುರಿಯುವ ಅಡುಗೆಮನೆಯಲ್ಲಿ ನಿಂತವರಿಗೆಲ್ಲ ಗೊತ್ತು. ಅಡುಗೆಮನೆಗಾದರೆ ಹಿತ್ತಿಲ ಬಾಗಿಲು ಇರುತ್ತದೆ. ನಾವು ನಾಲ್ವರೂ ಚಲಿಸುವ ಗಾಡಿಯಲ್ಲಿ, ಕಿಟಕಿಗಳಿಂದ ತಲೆ ಹೊರಹಾಕಿಕೊಂಡು, ನಾಲ್ಕು ದಿಕ್ಕಿಗೆ ಸೀನುತ್ತ ಹೊರಟಿದ್ದೆವು. ಎದುರಿನಿಂದ ಬಂದ ಬೈಕಿನವನೊಬ್ಬ ಗೌರವದಿಂದ ರಸ್ತೆ ಬಿಟ್ಟು ಕೆಳಗಿಳಿದ.

ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದೆ. ಎಂಜಿನ್ನಿನ ಸಂದಿಯಲ್ಲಿ, ಸೈಲೆನ್ಸರ್ ಪೈಪು ಶುರುವಾಗುವಲ್ಲಿ, ಒಳ್ಳೆಯ ಸುಕ್ಕುಗಟ್ಟಿದ ಬ್ಯಾಡಗಿ ಮೆಣಸಿನಕಾಯಿಗಳು ಸಾಲಾಗಿ ಕೂತು ಹದವಾಗಿ ಹುರಿಯುತ್ತಿದ್ದವು.

"ಯಾರಲೇ ಇದು?" ಎಂದೆ. ಕೇಳುವ ಅವಶ್ಯಕತೆ ಇರಲಿಲ್ಲ.

"ಇಲಿಗೆ ಇಟ್ಟಿದ್ದೆ" ಎಂದ ದಲಾಲಿ, ಮೂಗು ಒರೆಸಿಕೊಳ್ಳುತ್ತ. "ತಗೀಬೇಕಂತ ಮಾಡಿದ್ದೆ, ಮರತೆ. ಚೊಲೋ ಮಾಲು ನೋಡು, ಎಷ್ಟ ಬಣ್ಣ ಐತಿ."

ಲೆಕ್ಚರರ್‌ಗೆ ಇಂಥ ಅವಕಾಶ ಸಿಕ್ಕಿದರೆ ಕೇಳಬೇಕೆ? ರಸ್ತೆ ಬದಿಯಲ್ಲಿ ನಿಂತು ಕ್ಲಾಸು ತೆಗೆದುಕೊಂಡ. ಬಿಸಿ ಎಂಜಿನ್ನಿನ ಮೇಲೆ ಏನನ್ನೂ ಇಡಬಾರದು, ಸುಡುತ್ತದೆ, ಬೆಂಕಿ ಹತ್ತಬಹುದು, ವಿದ್ಯೆ ಇಲ್ಲದಿದ್ದರೆ ಹೀಗೇ ಆಗುವುದು ಎಂದೆಲ್ಲ. ದಲಾಲಿ ಕೈಕಟ್ಟಿಕೊಂಡು ಕೇಳಿದ. ನಾವು ಮೆಣಸಿನಕಾಯಿಗಳನ್ನು ಕಡ್ಡಿಯಿಂದ ಒಂದೊಂದಾಗಿ ಹೆಕ್ಕಿ ತೆಗೆದು, ಎಂಜಿನ್ ತಣ್ಣಗಾಗಲು ಬಿಟ್ಟು, ಮುಖ ತೊಳೆದುಕೊಂಡು ಹೊರಟೆವು. ಭಾಯಿ ಮಾತ್ರ ಗಡಿಯಾರ ನೋಡಿ, "ಲಗೂ ನಡೀರಿ" ಎಂದ. ಅವನ ಮುಖ ಆಗಲೇ ಸಣ್ಣದಾಗಿತ್ತು.

ಆರ್‌ಟಿಓ ಅಂಗಳದಲ್ಲಿ ಟ್ರ್ಯಾಕ್ಟರು, ಆಟೋ, ಶಾಲೆಯ ವ್ಯಾನು ಸಾಲು ನಿಂತಿದ್ದವು. ನಮ್ಮ ಸರದಿ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ಇನ್ಸ್‌ಪೆಕ್ಟರ್ ಸಾಹೇಬರು ಹೆಚ್ಚು ಮಾತಿಲ್ಲದ, ಇಸ್ತ್ರಿ ಮಾಡಿದ ಖಾಕಿಯ ಮನುಷ್ಯ. ಭಾಯಿ ಕೊಟ್ಟ ಕಾಗದಗಳನ್ನು ಮೂಗಿನಿಂದ ದೂರ ಹಿಡಿದು ಓದಿದರು. ಡಾಂಬರ್ ಗುಳಿಗೆ ತನ್ನ ಕೆಲಸ ಮಾಡಿತ್ತು. ಬಾನೆಟ್ ಎತ್ತಿಸಿ ಎಂಜಿನ್ ನಂಬರ್ ನೋಡುವಾಗ, "ಏನಿದು, ಒಗ್ಗರಣಿ ವಾಸನಿ ಬರಾಕತ್ತೈತಿ?" ಎಂದರು. "ಬಾಜೂಕ ಖಾನಾವಳಿ ಐತ್ರಿ" ಎಂದ ದಲಾಲಿ. ಬಾಜೂಕ ಖಾನಾವಳಿ ಇರಲಿಲ್ಲ. ಸಾಹೇಬರು ಅವನನ್ನು ಒಮ್ಮೆ ನೋಡಿ ಮುಂದೆ ಹೋದರು.

ಲೈಟು ಸರಿ. ಇಂಡಿಕೇಟರ್ ಸರಿ. ಬ್ರೇಕ್ ಲೈಟು ಸರಿ. ನಾವು ಮೂವರೂ ಗಾಡಿಯ ಹಿಂದೆ ನಿಂತು, ಒಂದೊಂದು ಸರಿಗೂ ಒಬ್ಬರನ್ನೊಬ್ಬರು ಚಿವುಟಿಕೊಳ್ಳುತ್ತಿದ್ದೆವು. ಇನ್ನು ಉಳಿದದ್ದು ಓಡಿಸಿ ತೋರಿಸುವುದು. ಸಾಹೇಬರು ಭಾಯಿಯ ಪಕ್ಕ ಕೂತರು. ಸೀಟಿನ ಮೇಲೆ ಕೈಯಾಡಿಸಿ, "ಸೀಟು ಭಾರಿ ಮಾಡಿಸೀರಲ್ಲ" ಎಂದದ್ದು ನಮಗೆ ಹೊರಗೆ ಕೇಳಿಸಿತು. ಭಾಯಿ ನಾಚಿ ನಕ್ಕ. ಆಮೇಲೆ ಸಾಹೇಬರು ಕೊರಳಪಟ್ಟಿ ಸಡಿಲಿಸಿಕೊಂಡು, "ಏನ್ ಝಳ ಐತ್ರಿ. ಫ್ಯಾನ್ ಐತೇನು ಇದರಾಗ?" ಎಂದರು.

ಫ್ಯಾನ್ ಇತ್ತು. ಲೆಕ್ಚರರ್ ವಿಡಿಯೋ ನೋಡಿ, ಡ್ಯಾಶ್‌ಬೋರ್ಡಿನ ಒಳಗೆ ತಾನೇ ಕೈಯಾರೆ ಕೂರಿಸಿದ್ದ ಫ್ಯಾನು. ನನ್ನ ಪಕ್ಕದಲ್ಲಿ ನಿಂತಿದ್ದ ಅವನು ಆ ಮಾತು ಕೇಳಿದ್ದೇ ತಡ, "ಬ್ಯಾಡಾ, ಭಾಯಿ, ಹಾಕಬ್ಯಾಡಾ" ಎಂದು ಕೂಗುತ್ತ ಎರಡೂ ಕೈ ಬೀಸಿಕೊಂಡು ಓಡಿದ. ಅವನು ಹಾಗೆ ಓಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಒಳಗೆ ಭಾಯಿಗೆ ಕೇಳಿಸಲಿಲ್ಲ. ಸಾಹೇಬರು ಕೇಳಿದ್ದಾರೆ ಎಂದು ವಿನಯದಿಂದ ಸ್ವಿಚ್ ಒತ್ತಿದ.

ಕಾರಿನೊಳಗೆ ಕೆಂಪಗೆ ಏನೋ ಎದ್ದಿತು. ಎರಡೂ ಬಾಗಿಲು ಒಟ್ಟಿಗೆ ತೆರೆದುಕೊಂಡವು. ಒಂದು ಕಡೆಯಿಂದ ಭಾಯಿ, ಇನ್ನೊಂದು ಕಡೆಯಿಂದ ಸಾಹೇಬರು, ಇಬ್ಬರೂ ಓಕುಳಿ ಆಡಿದವರಂತೆ ಇಳಿದರು. ಸಾಹೇಬರ ಮೊದಲ ಸೀನಿಗೆ ಅವರ ಟೋಪಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದಾಗ ಎರಡನೆಯದು ಬಂತು. ಗಾಳಿ ಟ್ರ್ಯಾಕ್ಟರುಗಳ ಕಡೆ ಬೀಸುತ್ತಿತ್ತು. ಟ್ರ್ಯಾಕ್ಟರಿನವನು ಸೀನಿದ, ಆಟೋದವರು ಸೀನಿದರು, ಕಾಗದ ಹಿಡಿದು ನಿಂತಿದ್ದ ಏಜೆಂಟರು ಸೀನಿದರು, ಗೇಟಿನ ಹತ್ತಿರ ಶೇಂಗಾ ಮಾರುತ್ತಿದ್ದ ಮುದುಕಿ ಸೆರಗು ಮೂಗಿಗೆ ಹಿಡಿದು, ನಮ್ಮ ಕಡೆ ನೋಡಿ ಏನೇನೋ ಹರಸಿದಳು. ನಾನು ಹೇಳಬಾರದು, ಆದರೆ ಹೇಳುತ್ತೇನೆ: ನನಗೆ ನಗು ತಡೆಯಲಾಗಲಿಲ್ಲ. ಸೀನು, ನಗು, ಕಣ್ಣೀರು ಮೂರೂ ಒಟ್ಟಿಗೆ ಬಂದು ಒಂದು ಕಂಬ ಹಿಡಿದುಕೊಂಡು ನಿಂತೆ.

"ಖಾರಪುಡಿ ಹಾಕಿದ್ದೆ, ಫ್ಯಾನಿನ ಒಳಗ. ವೈರು ಅಲ್ಲೇ ಹಾದು ಹೋಗ್ಯಾವ" ಎಂದ ಲೆಕ್ಚರರ್ ಸಣ್ಣ ದನಿಯಲ್ಲಿ.

"ಮೋಟೆಬೆನ್ನೂರ ಹಾದ್ಯಾಗ ಬಾಯಿ ಬಿಡಾಕ ಏನಾಗಿತ್ತು?" ಎಂದೆ ನಾನು.

"ಇವಗ ಅಷ್ಟ ಬೈದಮ್ಯಾಲೆ ಹೆಂಗ ಹೇಳ್ಲಿ?"

ಅಷ್ಟರಲ್ಲಿ ಸಾಹೇಬರು ಸುಧಾರಿಸಿಕೊಂಡಿದ್ದರು. ಕಣ್ಣು ಒರೆಸಿಕೊಂಡು, ಕರವಸ್ತ್ರಕ್ಕೆ ಹತ್ತಿದ ಕೆಂಪನ್ನು ನೋಡಿ, ಬಹಳ ಶಾಂತವಾಗಿ ಹೇಳಿದರು: "ಇದು ಬ್ಯಾಡಗಿ ಖಾರ ಅಲ್ಲ."

"ಅಲ್ರಿ, ಗುಂಟೂರದ್ದು" ಎಂದ ಲೆಕ್ಚರರ್. "ಬ್ಯಾಡಗಿದು ಬರೇ ಬಣ್ಣ, ಖಾರ ಇರೂದಿಲ್ಲ, ಇಲಿಗೆ ನಡಿಯೂದಿಲ್ಲಂತ..."

ದಲಾಲಿಯ ಮುಖ ನೋಡಬೇಕಿತ್ತು. ಗಾಡಿ ಫೇಲಾಗುವುದು, ಗುಜರಿ, ಅಮ್ಮಿ, ಎಲ್ಲ ಮರೆತು, "ನನ್ನ ಶೆಡ್ಡಿನ್ಯಾಗ ಗುಂಟೂರು ತಂದಿ? ಬ್ಯಾಡಗಿ ಊರಾಗ?" ಎಂದು ಅವನ ಮೈಮೇಲೆ ಹೋದ. ಇಬ್ಬರೂ ಸೀನುತ್ತ ಜಗಳ ಶುರು ಮಾಡಿದರು. ನಾನು ಬಿಡಿಸಲು ಹೋಗಿ ಇಬ್ಬರ ಮೇಲೂ ಕೂಗಿದೆ.

ಆಗ ಭಾಯಿ ನನ್ನ ಕಣ್ಣಿಗೆ ಬಿದ್ದ. ಅವನು ಸೀನುತ್ತಿರಲಿಲ್ಲ, ಜಗಳ ನೋಡುತ್ತಲೂ ಇರಲಿಲ್ಲ. ಬಾಗಿಲು ತೆರೆದು, ಕರವಸ್ತ್ರದಿಂದ ಆ ಮರೂನ್ ಸೀಟಿನ ಬಿಳಿ ಅಂಚನ್ನು ಒರೆಸುತ್ತಿದ್ದ. ಒರೆಸಿದಷ್ಟೂ ಕೆಂಪು ಹರಡುತ್ತಿತ್ತು. ನಾಳೆ ಗುಜರಿಗೆ ಹೋಗುವ ಗಾಡಿಯ ಸೀಟನ್ನು ಯಾರು ಹಾಗೆ ಒರೆಸುತ್ತಾರೆ? ನನ್ನ ನಗು ಅಲ್ಲೇ ನಿಂತಿತು. ನಮ್ಮ ಮೇಲೆ ನನಗೇ ಅಸಹ್ಯವಾಯಿತು.

ಅವನು ಎದ್ದು, ನೀರಿನ ಬಾಟಲಿ ತೆಗೆದುಕೊಂಡು ಸಾಹೇಬರ ಹತ್ತಿರ ಹೋದ. "ಮುಖ ತೊಳಕೋರಿ ಸಾಹೇಬ್ರ. ಎರಡ ಸಲ ವೈರ ಇಲಿ ತಿಂದು ಗಾಡಿ ಫೇಲ್ ಆಗಿತ್ರಿ. ಈ ಸಲ ತಿನಬಾರದಂತ ನನ್ನ ದೋಸ್ತರು ಹಾಕ್ಯಾರ. ತಪ್ಪಾತ್ರಿ."

ಸಾಹೇಬರು ಮುಖ ತೊಳೆದುಕೊಂಡರು. ನಮ್ಮ ಮೂವರ ಕಡೆ ಉದ್ದಕ್ಕೂ ನೋಡಿದರು. ಅವರ ಬಾಯಿಯ ಒಂದು ಮೂಲೆ ಅಲುಗಾಡಿತೋ, ಮತ್ತೊಂದು ಸೀನು ಬರುವುದಿತ್ತೋ ಹೇಳಲಾರೆ.

"ನಾನು ನಾಕಕ್ಕ ಆಫೀಸಿನಿಂದ ಏಳ್ತೇನಿ. ಅದರೊಳಗ ಗಾಡಿ ತೊಳಕೊಂಡು ಬರ್ರಿ" ಎಂದರು. "ನೀವೊಬ್ಬರೇ ಬರಬೇಕು. ಈ ಮೂರೂ ಮಂದಿ ಗೇಟಿನ ಒಳಗ ಕಾಲಿಟ್ರ ನಾ ಗಾಡಿ ಮುಟ್ಟಾಂಗಿಲ್ಲ."

ತೊಳೆದೆವು. ಹತ್ತಿರದ ವಾಟರ್ ಸರ್ವಿಸಿನವನು ಪೈಪು ಹಿಡಿದ. ಆದರೆ ಒಂದು ಸೀನು ಬಂದಕೂಡಲೇ ಪೈಪು ನಮ್ಮ ಕೈಗೆ ಕೊಟ್ಟು ಚಹಾಕ್ಕೆ ಹೋದ. ಲೆಕ್ಚರರ್ ಫ್ಯಾನನ್ನೇ ಕಿತ್ತು ಹೊರಗಿಟ್ಟ, ವಿಡಿಯೋ ನೋಡದೆ. ದಲಾಲಿ ಹಳೆಯ ಲುಂಗಿಯಿಂದ ಒಳಗೆಲ್ಲ ಒರೆಸಿದ. ನಾನು ಡಾಂಬರ್ ಗುಳಿಗೆಗಳನ್ನು ಯಾರೂ ನೋಡದಂತೆ ಚರಂಡಿಗೆ ಚೆಲ್ಲಿದೆ. ಭಾಯಿ ಸೀಟುಗಳನ್ನು ಯಾರಿಗೂ ಮುಟ್ಟಲು ಕೊಡಲಿಲ್ಲ, ತಾನೇ ತೊಳೆದ. ಯಾರೂ ಯಾರಿಗೂ ಬೈಯಲಿಲ್ಲ.

ಗೇಟಿನ ಹತ್ತಿರ ನಾವು ಇಳಿದೆವು. ಭಾಯಿ ಹಿಂದಿನ ಸೀಟಿನಿಂದ ಇಳಿದು ಮುಂದೆ ಬಂದು ಸ್ಟೇರಿಂಗ್ ಹಿಡಿದ. ಈ ಮನುಷ್ಯ ಈ ಗಾಡಿಯನ್ನು ಒಬ್ಬನೇ ಹೊಡೆದದ್ದು ಎಂದಾದರೂ ಉಂಟೇ? ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ. ಅವನು ಹೊಡೆದಾಗಲೆಲ್ಲ ಪಕ್ಕದಲ್ಲಿ ಒಬ್ಬರು ಗೇರು ಹೇಳುತ್ತಿದ್ದೆವು, ಹಿಂದೆ ಇಬ್ಬರು ಬ್ರೇಕು ಹೇಳುತ್ತಿದ್ದೆವು.

"ಕ್ಲಚ್ ಮೆತ್ತಗ ಬಿಡು" ಎಂದ ದಲಾಲಿ ಕಿಟಕಿಯಲ್ಲಿ ಬಗ್ಗಿ.

"ಎರಡನೇ ಗೇರಿಗೆ ಸ್ವಲ್ಪ ತಡೀಬೇಕಾಕ್ಕತಿ" ಎಂದ ಲೆಕ್ಚರರ್.

"ಗೊತ್ತೈತಿ" ಎಂದ ಭಾಯಿ. ಅಷ್ಟೇ. ಗಾಡಿ ಒಳಗೆ ಹೋಯಿತು.

ಕಂಪೌಂಡ್ ಗೋಡೆ ನಮ್ಮ ಗದ್ದದವರೆಗೆ ಇತ್ತು. ಮೂವರೂ ಕಾಲ್ಬೆರಳ ಮೇಲೆ ನಿಂತು ಗದ್ದ ಊರಿ ನೋಡಿದೆವು. ಸಾಹೇಬರು ಮೊದಲು ತಲೆ ಮಾತ್ರ ಒಳಗೆ ಹಾಕಿ ಮೂಸಿದರು. ಆಮೇಲೆ ಕೂತರು. ಗಾಡಿ ಹೊರಟಿತು. ಅಂಗಳದ ತುದಿಗೆ ಹೋಗಿ ನಿಂತಿತು, ರಿವರ್ಸ್ ಬಂತು, ಎರಡು ಟ್ರ್ಯಾಕ್ಟರುಗಳ ನಡುವಿನ ಸಂದಿಯಲ್ಲಿ ಹೊಕ್ಕು ಹೊರಬಂತು. ಎಲ್ಲಿಯೂ ಜರ್ಕ್ ಹೊಡೆಯಲಿಲ್ಲ. ಆ ಸಂದಿಯಲ್ಲಿ ನಾನಾಗಿದ್ದರೆ ಒಮ್ಮೆ ಇಳಿದು ನೋಡುತ್ತಿದ್ದೆ.

"ಇಂವಾ ಯಾವಾಗ ಕಲತಾ?" ಎಂದ ದಲಾಲಿ.

ಉತ್ತರ ಮೂವರಿಗೂ ಗೊತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತು ನಮ್ಮ ಮೂವರ ತಪ್ಪುಗಳನ್ನು ಅಷ್ಟು ದಿನ ನೋಡಿದ ಮೇಲೆ ಯಾರಾದರೂ ಕಲಿಯುತ್ತಾರೆ. ಸಾಹೇಬರು ಇಳಿದು ಬಾನೆಟ್ಟಿನ ಮೇಲೆ ಕಾಗದ ಇಟ್ಟು ಸಹಿ ಮಾಡಿದರು. ಲೆಕ್ಚರರ್ ಗೋಡೆ ಹಾರಲು ಹೋಗಿ, ಪ್ಯಾಂಟು ಹರಿದುಕೊಂಡು, ಈಚೆ ಕಡೆಗೇ ಬಿದ್ದ. ನಾವು ಅವನನ್ನು ಎತ್ತುವುದು ಬಿಟ್ಟು ಅವನ ಸುತ್ತ ಕುಣಿದೆವು.

ಅಮ್ಮಿಯ ತಂಗಿಯ ಮನೆಗೆ ಹೋದಾಗ ಅಮ್ಮಿ ಬುರ್ಕಾ ಹಾಕಿಕೊಂಡು, ಚೀಲ ಕಟ್ಟಿಕೊಂಡು, ಬಸ್ಸಿಗೆ ಹೋಗಲು ತಯಾರಾಗಿ ಕೂತಿದ್ದಳು. "ಹೋಗಯಾ ಕ್ಯಾ?" ಪಾಸ್ ಆಯಿತೇ ಎಂದು ಮಗನನ್ನು ಕೇಳಿದಳು. "ಹೋಗಯಾ ಅಮ್ಮಿ" ಎಂದ ಅವನು. ಅವಳು ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಬಂದು, ಮುಂದಿನ ಸೀಟಿನಲ್ಲಿ ಮೊದಲು ಕೂತು, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡಳು. ಯಾರೂ ನೂಕಲಿಲ್ಲ, ಜಗ್ಗಲಿಲ್ಲ.

ನಾವು ಮೂವರೂ ಅಭ್ಯಾಸಬಲದಿಂದ ಹಿಂದಿನ ಬಾಗಿಲಿಗೆ ಕೈ ಹಾಕಿದೆವು. ಅಷ್ಟರಲ್ಲಿ ಅಲ್ಲಿ ಅಮ್ಮಿಯ ತಂಗಿ, ತಂಗಿಯ ಸೊಸೆ, ಅವಳ ತೊಡೆಯ ಮೇಲೊಂದು ಕೂಸು, ಬಿರಿಯಾನಿಯ ಪಾತ್ರೆ, ಚೀಲ ಎಲ್ಲ ಕೂತು ಆಗಿತ್ತು.

"ನೀವು ಬಸ್ಸಿಗೆ ಬರ್ರೆಪ್ಪಾ. ಇವತ್ತ ನನ್ನ ಮಗ ಹೊಡೀತಾನ" ಎಂದಳು ಅಮ್ಮಿ.

ಹಾವೇರಿಯ ಬಸ್‌ಸ್ಟ್ಯಾಂಡಿನಲ್ಲಿ ರಾಣೆಬೆನ್ನೂರಿನ ಬಸ್ ಹತ್ತಿದೆವು. ಲೆಕ್ಚರರ್ ಮನೆ ಹಾವೇರಿಯಲ್ಲೇ. ಬಸ್ ಹತ್ತುವ ಕಾರಣ ಅವನಿಗೇನೂ ಇರಲಿಲ್ಲ. ಹರಿದ ಪ್ಯಾಂಟಿಗೆ ಫೈಲು ಅಡ್ಡ ಹಿಡಿದು ಹತ್ತಿದ. ದಲಾಲಿ ಬ್ಯಾಡಗಿಗೆ ಹೋಗಲು ಮೋಟೆಬೆನ್ನೂರಿನಲ್ಲಿ ಇಳಿಯಬೇಕಿತ್ತು. ಅಲ್ಲಿ ಬಸ್ ನಿಂತಾಗ ಕಿಟಕಿಯಿಂದ ಬೇರೆ ಕಡೆ ನೋಡುತ್ತ ಕೂತ. ಅಲ್ಲಿಂದ ಮುಂದೆ ಹೆದ್ದಾರಿಯಲ್ಲಿ ನಮ್ಮ ಬಸ್ಸು ಆ ಕೆನೆ ಬಣ್ಣದ ಗಾಡಿಯನ್ನು ಹಿಂದೆ ಹಾಕಿತು. ಎಡ ಅಂಚು ಹಿಡಿದು ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ ಬರುತ್ತಿತ್ತು. ಮೂವರೂ ಒಂದೇ ಕಿಟಕಿಗೆ ಬಿದ್ದು ಕೈ ಬೀಸಿದೆವು. ಭಾಯಿ ನಮ್ಮನ್ನು ನೋಡಲಿಲ್ಲ, ರಸ್ತೆ ನೋಡುತ್ತಿದ್ದ. ಅಮ್ಮಿಯೂ ರಸ್ತೆಯನ್ನೇ ನೋಡುತ್ತಿದ್ದಳು. ಇಡೀ ಬಸ್ಸಿಗೆ ಕೇಳುವಂತೆ ದಲಾಲಿ, "ನಮ್ಮ ಗಾಡಿ ಅದು" ಎಂದ. ಆಮೇಲೆ ಸೀಟಿಗೆ ಕೂತು, "ಭಾಯೀದು" ಎಂದು ತಿದ್ದಿಕೊಂಡ.

ರಾಣೆಬೆನ್ನೂರಿನಲ್ಲಿ ಇಳಿದು, ಭಾಯಿಯ ಓಣಿಯ ಬಾಯಿಯಲ್ಲಿ ಚಹಾ ಹೇಳಿ ನಿಂತೆವು. ಅವರಿಬ್ಬರಿಗೂ ವಾಪಸು ಹೋಗುವ ಬಸ್ಸುಗಳು ಹೋಗುತ್ತಲೇ ಇದ್ದವು. ಕೊನೆಗೆ ಗಾಡಿ ಬಂತು. ನಾವು ಬಾಗಿಲು ತೆರೆಯಲು ಮುಂದೆ ಓಡಿದೆವು. ಗಾಡಿ ನಿಲ್ಲಲಿಲ್ಲ. ನಮ್ಮ ಮುಂದೆಯೇ ಹಾದು, ಊರಾಚೆ ಕುಮಾರಪಟ್ಟಣದ ಕಡೆ ಹೊರಟುಹೋಯಿತು. ಬ್ರೇಕು ಹೋಯಿತೇನೋ ಎಂದು ನಾನು ಗಾಡಿಯ ಹಿಂದೆ ನಾಲ್ಕು ಹೆಜ್ಜೆ ಓಡಿದೆ.

ಸಂಜೆ ಕತ್ತಲಾಗುವ ಮುಂಚೆ ಗಾಡಿ ತಿರುಗಿ ಬಂತು. ಈ ಸಲ ನಿಂತಿತು. ಹಿಂದಿನ ಸೀಟಿನಲ್ಲಿ ಕೂಸು ಮಲಗಿತ್ತು. ತಂಗಿ, ಸೊಸೆ ಇಬ್ಬರೂ ಸಾಕಾಗಿ ಇಳಿದು, ಕೂಸನ್ನೂ ಪಾತ್ರೆಯನ್ನೂ ಎತ್ತಿಕೊಂಡು ಓಣಿಯೊಳಗೆ ನಡೆದರು. ನಾನು ಮುಂದಿನ ಬಾಗಿಲು ತೆರೆದು, ಅಮ್ಮಿಗೆ ಇಳಿಯಲು ಕೈ ಚಾಚಿದೆ. ಅವಳು ನನ್ನ ಕೈ ಹಿಡಿಯಲಿಲ್ಲ. ಬಾಗಿಲನ್ನು ತಾನೇ ಎಳೆದು ಹಾಕಿಕೊಂಡಳು.

"ಕುಮಾರಪಟ್ಟಣದ ಹೊಳಿ ಬ್ರಿಜ್ ತನಕ ಹೋಗಿ ಬಂದ್ವಿ" ಎಂದ ಭಾಯಿ. ಅವನ ಕಣ್ಣು ಇನ್ನೂ ಕೆಂಪಗಿದ್ದವು. ಮುಖದ ತುಂಬ ಅಂಥ ನಗು ನಾನು ಎಂದೂ ನೋಡಿರಲಿಲ್ಲ. "ಎರಡ ಸಲ ಇಳಿ ಅಂದೆ. ಅಮ್ಮಿ ಇಳಿಯಾಕ ಒಲ್ಲೆ ಅಂತಾಳ."

ಅಮ್ಮಿ ಮುಂದೆ ರಸ್ತೆ ನೋಡುತ್ತ, ಕೈಯಿಂದ ಹೋಗು ಎಂದು ಸನ್ನೆ ಮಾಡಿದಳು. ಅವನು ಗೇರು ಹಾಕಿದ.